ಸೊನ್ನೆಯ ದಿನದ ಚಿತ್ರ

ನಮಸ್ಕಾರ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮೂಲಮನೆಯ ಜಗಲಿಯ ಗೂಡಿನಲ್ಲಿ ಉದ್ದನೆಯದೊಂದು ಲೆಕ್ಕದ ಪುಸ್ತಕವಿದೆ. ದೊಡ್ಡಪ್ಪ ಅದರಲ್ಲಿ ದಿನವೂ ಮಳೆ ಲೆಕ್ಕ ಬರೆಯುತ್ತಾರೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ ಬೆಳಿಗ್ಗೆ ಎಂಟೂವರೆಗೆ, ಅಂಗಳದ ಅಂಚಿನಲ್ಲಿರುವ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಒಂದು ಅಂಕಿ ಬರೆಯುತ್ತಾರೆ. ಹಳೆಯ ಪುಟಗಳಲ್ಲಿ ಇಂಚಿನ ಲೆಕ್ಕ, ಆಮೇಲಿನವುಗಳಲ್ಲಿ ಮಿಲಿಮೀಟರ್. ಪಕ್ಕದ ಷರಾ ಕಾಲಂನಲ್ಲಿ ‘ತೋಟಕ್ಕೆ ಔಷಧಿ ಹೊಡೆದಿದೆ’, ‘ಕೆಂಪಿ ಕರು ಹಾಕಿತು’, ‘ಮೂರು ದಿನದಿಂದ ಕರೆಂಟಿಲ್ಲ’ ಎಂಬಂಥ ಮಾತುಗಳಿರುತ್ತವೆ. ಮಳೆ ಬಾರದ ದಿನ ಅವರು ಜಾಗವನ್ನು ಖಾಲಿ ಬಿಡುವುದಿಲ್ಲ, ಸೊನ್ನೆ ಬರೆಯುತ್ತಾರೆ. ಫೆಬ್ರವರಿಯ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೂ ಬರೀ ಸೊನ್ನೆ. ಖಾಲಿ ಬಿಟ್ಟರೆ ಆ ದಿನ ಮಳೆ ಬರಲಿಲ್ಲವೋ, ತಾನೇ ಹೋಗಿ ನೋಡಲಿಲ್ಲವೋ ಎಂಬುದು ಮುಂದೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ವಾದ.

ನಾನು ಇವತ್ತು ಮಾತನಾಡಬೇಕೆಂದಿರುವುದು ದಿನಕ್ಕೊಂದು ಫೋಟೊ ತೆಗೆಯುವ ಹವ್ಯಾಸದ ಬಗ್ಗೆ. ವರ್ಷವಿಡೀ, ಒಂದು ದಿನವೂ ತಪ್ಪಿಸದೆ, ಅಂದಿನ ಚಿತ್ರವನ್ನು ಅಂದೇ ತೆಗೆದು, ಮಧ್ಯರಾತ್ರಿಯೊಳಗೆ ಆನ್‌ಲೈನ್ ಗುಂಪಿನ ಉಳಿದವರ ಮುಂದಿಡುವುದು ಇದರ ನಿಯಮ. ಶಿವಮೊಗ್ಗದ ಸುತ್ತಮುತ್ತಲಿನವರೇ ಹೆಚ್ಚಾಗಿರುವ ಇಂಥದೊಂದು ಗುಂಪಿನಲ್ಲಿ ನಾನು 365 ದಿನ ಪೂರೈಸಿದ್ದೇನೆ. ಆ ಅನುಭವದ ನಂತರ ನನಗೆ ಮೂಡಿರುವ ಅಭಿಪ್ರಾಯ ಇಷ್ಟು: ಈ ಅಭ್ಯಾಸವನ್ನು ನಾವು ಛಾಯಾಗ್ರಹಣ ಸ್ಪರ್ಧೆಯಂತೆ ನಡೆಸುತ್ತಿದ್ದೇವೆ, ಆದರೆ ಅದನ್ನು ಮಳೆ ಲೆಕ್ಕದ ಪುಸ್ತಕದಂತೆ ನಡೆಸಬೇಕು.

ಇಂಥ ಗುಂಪುಗಳು ಹುಟ್ಟುವುದಕ್ಕೆ ಬಹಳ ಮೊದಲೇ ಈ ಕೆಲಸವನ್ನು ಒಬ್ಬಂಟಿಯಾಗಿ ಮಾಡಿದವರೊಬ್ಬರಿದ್ದರು. ನ್ಯೂಯಾರ್ಕ್‌ನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದಿಂದ ಆರಂಭಿಸಿದ ದಿನಕ್ಕೊಂದು ಚಿತ್ರದ ಸರಣಿ ನಿಂತದ್ದು 1997ರ ಅಕ್ಟೋಬರ್ 25ರಂದು. ಅಂದು ಅವರ 41ನೆಯ ಹುಟ್ಟುಹಬ್ಬ, ಕ್ಯಾನ್ಸರಿನಿಂದ ಅವರು ತೀರಿಕೊಂಡದ್ದೂ ಅಂದೇ. ಆರು ಸಾವಿರಕ್ಕೂ ಹೆಚ್ಚಿನ ಆ ಚಿತ್ರಗಳನ್ನು ಅವರ ಗೆಳೆಯರು ಆಮೇಲೆ ಒಂದೊಂದಾಗಿ ಜೋಡಿಸಿ, 2007ರಲ್ಲಿ ಅವರು ಓದಿದ ಬಾರ್ಡ್ ಕಾಲೇಜಿನಲ್ಲಿ ಪ್ರದರ್ಶಿಸಿದರು. ಅವುಗಳಲ್ಲಿ ತಟ್ಟೆಯಲ್ಲಿ ಅರ್ಧ ತಿಂದ ಊಟವಿದೆ, ಗೆಳೆಯರ ಮುಖಗಳಿವೆ, ಕೊನೆಕೊನೆಗೆ ಆಸ್ಪತ್ರೆಯೂ ಇದೆ. ಆಗಿನ ಪೋಲರಾಯ್ಡ್‌ನ ಒಂದು ಪೊಟ್ಟಣದಲ್ಲಿ ಹತ್ತು ಹಾಳೆ ಇರುತ್ತಿದ್ದವು. ಗುಂಡಿ ಒತ್ತಿದರೆ ಚಿತ್ರ ಅಲ್ಲೇ ಹೊರಗೆ ಬರುತ್ತದೆ, ಅಲುಗಿದ್ದರೆ ಅಲುಗಿದ್ದೇ. ಬಿಡಿಯಾಗಿ ನೋಡಿದರೆ ಬಹುಮಾನ ಕೊಡಬೇಕೆನಿಸುವ ಚಿತ್ರಗಳು ಅವುಗಳಲ್ಲಿ ಕಡಿಮೆಯೇ. ಆದರೂ ಅವುಗಳನ್ನು ಸಾಲಾಗಿ ನೋಡುತ್ತ ಹೋದವರು ನಡುವೆ ಎದ್ದು ಹೋಗುವುದು ಕಷ್ಟ.

ನಮ್ಮ ಗುಂಪಿನಲ್ಲಿ ಮೊದಲ ಮೂರು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಗಾಂಧಿ ಬಜಾರಿನ ತರಕಾರಿ ಗಾಡಿ, ಸಾಗರದ ಶಿಕ್ಷಕಿಯೊಬ್ಬರ ಶಾಲೆಯ ಬಿಸಿಯೂಟದ ತಟ್ಟೆಗಳ ಸಾಲು, ಬಸ್‌ಸ್ಟ್ಯಾಂಡಿನಲ್ಲಿ ಕೊಡೆಯ ಕಡ್ಡಿ ಸರಿಮಾಡುತ್ತ ಕುಳಿತವರು, ಹೀಗೆ ಬರುತ್ತಿದ್ದವು. ಆಮೇಲೆ ‘ವಾರದ ಚಿತ್ರ’ ಎಂಬ ಆಯ್ಕೆ ಶುರುವಾಯಿತು. ಹೆಚ್ಚು ಮೆಚ್ಚುಗೆ ಪಡೆದ ಚಿತ್ರಕ್ಕೆ ವಾರಾಂತ್ಯದಲ್ಲಿ ಹಾರೈಕೆಗಳ ಮಳೆ. ಅಲ್ಲಿಂದ ಮುಂದೆ ನಮ್ಮ ಜಿಲ್ಲೆ ಬೇರೆಯೇ ಆಗಿಹೋಯಿತು. ಸೋಮವಾರ ಆಗುಂಬೆಯ ಸೂರ್ಯಾಸ್ತ, ಮಂಗಳವಾರ ಜೋಗದ ನಾಲ್ಕು ಕವಲು, ಬುಧವಾರ ಕವಲೇದುರ್ಗದ ಮಂಜು, ಗುರುವಾರ ಮಂಡಗದ್ದೆಯ ಬೆಳ್ಳಕ್ಕಿ, ಶುಕ್ರವಾರ ಸಕ್ರೆಬೈಲಿನ ಆನೆಯ ಸ್ನಾನ. ವಾರದ ದಿನಗಳಲ್ಲಿ ಶಿವಮೊಗ್ಗದ ಕಚೇರಿಯಲ್ಲಿ ಕುಳಿತಿರುವವರಿಗೆ ಇವೆಲ್ಲ ಎಲ್ಲಿಂದ ಸಿಗುತ್ತವೆ? ಭಾನುವಾರ ಒಂದೇ ಸುತ್ತಿನಲ್ಲಿ ತೆಗೆದು ಶೇಖರಿಸಿ, ವಾರವಿಡೀ ದಿನಕ್ಕೊಂದರಂತೆ ಹಂಚುತ್ತಿದ್ದರು. ಮಳೆಮಾಪಕದಲ್ಲಿ ಏಳು ದಿನದ ನೀರು ತುಂಬಿಸಿ, ಆಮೇಲೆ ತೋಚಿದಂತೆ ಏಳು ಭಾಗ ಮಾಡಿ ಬರೆದ ಹಾಗೆ.

ನಾನು ಇತರರನ್ನು ಮಾತ್ರ ದೂರುವಂತಿಲ್ಲ. ಆಶ್ಲೇಷಾ ಮಳೆಯ ನಡುವೆ ಒಂದು ದಿನ ಜ್ವರ ಬಂದು ಮಲಗಿದ್ದಾಗ, ಹತ್ತು ದಿನ ಹಿಂದೆ ಸೇತುವೆಯ ಮೇಲಿಂದ ತೆಗೆದಿದ್ದ ತುಂಗೆಯ ಚಿತ್ರವನ್ನು ಅಂದಿನದೆಂದು ಹಾಕಿಬಿಟ್ಟೆ. ಕೆಂಪು ನೀರು, ಸುರಿಯುವ ಮಳೆ, ಒಳ್ಳೆಯ ಚಿತ್ರವೇ. ಸಾಕಷ್ಟು ಮೆಚ್ಚುಗೆಯೂ ಬಂತು. ನಮ್ಮ ಗುಂಪಿನಲ್ಲಿ ನಿವೃತ್ತರೊಬ್ಬರಿದ್ದಾರೆ. ಅವರು ದಿನವೂ ಬೆಳಗಿನ ವಾಕಿಂಗ್‌ನಲ್ಲಿ ಒಂದೇ ಜಾಗದಲ್ಲಿ ನಿಂತು, ಹೊಳೆಯ ನಡುವಿನ ಕೋರ್ಪಲಯ್ಯನ ಛತ್ರದ ಮಂಟಪದ ಫೋಟೊ ತೆಗೆಯುತ್ತಾರೆ, ಬೇರೇನನ್ನೂ ತೆಗೆಯುವುದಿಲ್ಲ. ಅವರ ಚಿತ್ರಕ್ಕೆ ಎರಡೋ ಮೂರೋ ಮೆಚ್ಚುಗೆ ಬಂದರೆ ಹೆಚ್ಚು. ಅವರು ನನಗೊಬ್ಬನಿಗೇ ಒಂದು ಸಾಲು ಬರೆದಿದ್ದರು: “ನಿಮ್ಮ ಹೊಳೆಯಲ್ಲಿ ಮಂಟಪ ಮುಳುಗಿದೆ, ನನ್ನ ಹೊಳೆಯಲ್ಲಿ ಮೆಟ್ಟಿಲೂ ಒದ್ದೆಯಾಗಿಲ್ಲ. ಎರಡು ತುಂಗೆ ಇದ್ದಾವೆಯೆ?” ಜ್ವರದ ಬಿಸಿಗಿಂತ ಆ ಸಾಲಿನ ಬಿಸಿ ಹೆಚ್ಚಾಗಿತ್ತು. ಚಿತ್ರ ತೆಗೆದುಹಾಕಿ, ಹಾಸಿಗೆಯ ಪಕ್ಕದ ಗಂಜಿ ಲೋಟದ ಫೋಟೊ ಹಾಕಿದೆ.

ಮಂಟಪದ ಆ ಚಿತ್ರಗಳ ಬೆಲೆ ನನಗೆ ತಿಳಿದದ್ದು ಆಗ. ಶಿವಮೊಗ್ಗದವರಿಗೆ ವಿವರಿಸಬೇಕಾಗಿಲ್ಲ: ಗಾಜನೂರು ಅಣೆಕಟ್ಟಿನ ಗೇಟು ತೆಗೆದು ನೀರು ಬಿಟ್ಟ ಸುದ್ದಿ ಬಂದೊಡನೆ ಊರಿನವರು ಹೊಳೆ ನೋಡಲು ಬರುತ್ತಾರೆ, ಮಂಟಪ ಮುಳುಗಿತೋ ಇಲ್ಲವೋ ಎಂಬುದೇ ನಮಗೆ ಹೊಳೆ ತುಂಬಿತೆನ್ನುವ ಅಳತೆ. ಮುಳುಗಿದ ದಿನದ ಚಿತ್ರ ನೂರಾರು ಜನರ ಮೊಬೈಲಿನಲ್ಲಿರುತ್ತದೆ. ಆದರೆ ಏಪ್ರಿಲ್‌ನಲ್ಲಿ ಮಂಟಪದ ಸುತ್ತ ಬಂಡೆ ತೇಲಿ, ಪಾಚಿ ಒಣಗಿ, ಪ್ಲಾಸ್ಟಿಕ್ ಸಿಕ್ಕಿಕೊಂಡಿರುವುದನ್ನು ಯಾರು ತೆಗೆಯುತ್ತಾರೆ? ಅವರ 365 ಚಿತ್ರಗಳನ್ನು ಒಂದರ ಹಿಂದೊಂದು ಬೆರಳಿನಿಂದ ಸರಿಸುತ್ತ ಹೋದರೆ ನೀರು ಕಂಬ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಕಾಣುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಸೊನ್ನೆಯ ದಿನಗಳು, ಅಂದರೆ ವಿಶೇಷವೇನೂ ನಡೆಯದ ದಿನಗಳು. ಅವು ಇಲ್ಲದಿದ್ದರೆ ಏರಿದ ದಿನಕ್ಕೆ ಲೆಕ್ಕವೇ ಸಿಗುತ್ತಿರಲಿಲ್ಲ.

ಸೊನ್ನೆಯ ದಿನದ ಚಿತ್ರ ಸುಲಭ ಎಂದು ಯಾರಾದರೂ ತಿಳಿದಿದ್ದರೆ, ಪುಷ್ಯ ಮಳೆಯಲ್ಲಿ ಒಂದು ವಾರ ನಮ್ಮೂರಿನಲ್ಲಿದ್ದು ನೋಡಬೇಕು. ಮೊದಲನೆಯದಾಗಿ, ಮಲೆನಾಡಿನ ಮಳೆ ಫೋಟೊದಲ್ಲಿ ಕಾಣುವುದೇ ಇಲ್ಲ. ಕಿವಿ ಗಡಚಿಕ್ಕುವಂತೆ ಹೆಂಚಿನ ಮೇಲೆ ಸುರಿಯುತ್ತಿರುತ್ತದೆ, ತೆಗೆದ ಚಿತ್ರದಲ್ಲಿ ಮಾತ್ರ ಬೂದು ಬಣ್ಣದ ಅಂಗಳ. ಬಿಳಿ ಆಕಾಶದೆದುರು ಹನಿ ಕಾಣಿಸುವುದಿಲ್ಲ. ಹಿಂದೆ ಕಪ್ಪಗಿನದೇನಾದರೂ ಬೇಕು, ಒದ್ದೆಯಾದ ಅಡಿಕೆ ಮರಗಳ ಗುಂಪೋ ಕೊಟ್ಟಿಗೆಯ ಬಾಗಿಲಿನ ಕತ್ತಲೆಯೋ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆದರೆ ಹನಿ ಮಣಿಯಂತೆ ನಿಲ್ಲುತ್ತದೆ, ಅರವತ್ತರ ಒಂದು ಭಾಗದಲ್ಲಿ ನೂಲಿನಂತೆ ಇಳಿಯುತ್ತದೆ. ನನಗೆ ನೂಲೇ ನಿಜವೆನಿಸುತ್ತದೆ, ನಾವು ಕಣ್ಣಲ್ಲಿ ಕಾಣುವುದೂ ಅದನ್ನೇ. ಆದರೆ ಅಷ್ಟು ಹೊತ್ತು ಕೈ ನಡುಗದಂತೆ ಹಿಡಿಯಬೇಕು, ಕಂಬಕ್ಕೆ ಒರಗಿಯಾದರೂ.

ಇನ್ನು ಬೂಷ್ಟಿನ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆಯ ಆಲ್ಬಮ್ಮಿಗೆ ಹಿಡಿಯುವ ಬೂಷ್ಟು ಕ್ಯಾಮೆರಾದ ಲೆನ್ಸನ್ನು ಬಿಟ್ಟೀತೆ? ಗಾಜಿನ ಒಳಗೆ ಜೇಡರ ಬಲೆಯ ಎಳೆಯಂತೆ ಅದು ಹಬ್ಬಿದರೆ ಬಿಚ್ಚಿಸಿ ತೊಳೆಸಬೇಕು, ಮೇಲಿನ ಲೇಪನವನ್ನೇ ತಿಂದಿದ್ದರೆ ತೊಳೆದರೂ ಹೋಗದು. ನನ್ನ ಒಂದು ಲೆನ್ಸು ಹಾಗೆ ಹೋಗಿದೆ. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಹರಳಿನ ಬಣ್ಣ ತಿರುಗಿದಾಗಲೆಲ್ಲ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಒಣಗಿಸಿ ಮತ್ತೆ ತುಂಬುತ್ತೇನೆ. ಬಾಣಲೆ ಬೇರೆಯದೇ ಇಟ್ಟುಕೊಳ್ಳಿ, ಅಡುಗೆಯದು ಬೇಡ. ಮಳೆಗಾಲದ ಬಹುತೇಕ ಚಿತ್ರಗಳನ್ನು ಮೊಬೈಲಿನಲ್ಲೇ ತೆಗೆದೆ ಎನ್ನುವುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ, ಅದರಿಂದ ಯಾವ ನಷ್ಟವೂ ಆಗಲಿಲ್ಲ.

ಜುಲೈನಲ್ಲಿ ದೊಡ್ಡಪ್ಪನ ಕಣ್ಣಿನ ಚಿಕಿತ್ಸೆಗೆಂದು ಮನೆಯವರೆಲ್ಲ ಎರಡು ದಿನ ಮಂಗಳೂರಿಗೆ ಹೋದಾಗ, ಮನೆ ಮತ್ತು ದನಗಳನ್ನು ನೋಡಿಕೊಳ್ಳಲು ನಾನು ಊರಿಗೆ ಹೋಗಿದ್ದೆ. ಜೊತೆಗೆ ಅತ್ತೆ ಒಬ್ಬರಿದ್ದರು. ಕರೆಂಟಿಲ್ಲ, ಹೊರಗೆ ಕಾಲಿಡುವಂತಿಲ್ಲ. ಮೊದಲ ದಿನ ಕತ್ತಲಾದ ಮೇಲೆ ಇವತ್ತಿನ ಚಿತ್ರ ಆಗಿಲ್ಲವೆಂದು ನೆನಪಾಗಿ ಮನೆಯೆಲ್ಲ ಹುಡುಕಿದೆ. ಬಚ್ಚಲು ಮನೆಯ ಹಂಡೆಯ ಒಲೆಯಲ್ಲಿ ಅಡಿಕೆ ಸಿಪ್ಪೆ, ಮರದ ಕುಂಟೆ ಉರಿಯುತ್ತಿತ್ತು. ಅದರ ಮೇಲೆ ಅಡ್ಡಕ್ಕೆ ಕಟ್ಟಿದ ಬಿದಿರಿನ ಗಳುವಿನಲ್ಲಿ ಎರಡು ಪಂಚೆ, ಒಂದು ಸೀರೆ, ನನ್ನ ಪ್ಯಾಂಟು ಹೊಗೆ ಕುಡಿಯುತ್ತಿದ್ದವು. ಪ್ಯಾಂಟಿನ ಕಾಲಿನಿಂದ ತೊಟ್ಟಿಕ್ಕಿದ ಹನಿ ಹಂಡೆಯ ಮುಚ್ಚಳದ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ಬೆಂಕಿಯ ಬೆಳಕಷ್ಟೇ ಸಾಕೆಂದು ಟಾರ್ಚ್ ಆರಿಸಿದೆ. ಅತ್ತೆ ಬಾಗಿಲಲ್ಲಿ ನಿಂತು, “ಬಚ್ಚಲೊಲೇದೆಂತ ಫೋಟೊ ತೆಗೀತೀಯ ಮಾರಾಯ? ನೋಡಿದೋರು ಈ ಮನೇಲಿ ಬೇರೆ ಎಂತದೂ ಇಲ್ಲ ಅಂದ್ಕೊಳ್ಳಲ್ವಾ?” ಎಂದರು.

ಆ ಚಿತ್ರವನ್ನು ಕಳಿಸಲು ಕೊಡೆ ಹಿಡಿದು ಮನೆಯ ಹಿಂದಿನ ದಿಬ್ಬ ಹತ್ತಬೇಕಾಯಿತು, ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತದೆ. ಮೆಚ್ಚುಗೆ ಐದು ಬಂತು. ಆದರೆ ಮಸ್ಕತ್‌ನಲ್ಲಿರುವ ಹೊಸನಗರ ಕಡೆಯವರೊಬ್ಬರು, ಅಲ್ಲಿಯವರೆಗೆ ಯಾರೊಡನೆಯೂ ಮಾತನಾಡದಿದ್ದವರು, ಉದ್ದನೆಯದೊಂದು ಧ್ವನಿ ಸಂದೇಶ ಕಳಿಸಿದರು. ಹೊಗೆಯ ವಾಸನೆಯ ಶಾಲಾ ಸಮವಸ್ತ್ರ ಹಾಕಿಕೊಂಡು ಹೋಗುತ್ತಿದ್ದದ್ದು, ಅದನ್ನು ನೋಡಿ ಪೇಟೆಯ ಹುಡುಗರು ನಗುತ್ತಿದ್ದದ್ದು, ಎಲ್ಲವನ್ನೂ ಅದರಲ್ಲಿ ಹೇಳಿದ್ದರು. ಜೋಗದ ಚಿತ್ರಕ್ಕೆ ಅಂಥ ಸಂದೇಶ ಬಂದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಗುಂಪು ಏಕೆ ಬೇಕು, ಒಬ್ಬನೇ ಮಾಡಬಹುದಲ್ಲ ಎಂದು ಕೇಳಬಹುದು. ಲಿವಿಂಗ್‌ಸ್ಟನ್‌ಗೆ ಆಗಿರಬಹುದು, ನನ್ನಂಥವನಿಗೆ ಆಗುವುದಿಲ್ಲ. ಒಬ್ಬನೇ ಇದ್ದಿದ್ದರೆ ನಾನು ಇಪ್ಪತ್ತು ದಿನವೂ ದಾಟುತ್ತಿರಲಿಲ್ಲ. ಚಿತ್ರ ಬಾರದಿದ್ದ ದಿನ “ಎಂತ ಆಯ್ತು, ಇವತ್ತು ಕಾಣಲಿಲ್ಲ?” ಎಂದು ಕೇಳುವ ನಾಲ್ಕು ಜನರಿಗಾಗಿಯೇ ನಾನು ಎದ್ದು ಹೋಗಿ ಏನನ್ನಾದರೂ ತೆಗೆದಿದ್ದೇನೆ. ಗುಂಪಿನಿಂದ ನನಗೆ ಬೇಕಾದದ್ದು ಹಾಜರಿ ಪುಸ್ತಕ, ಅಂಕಪಟ್ಟಿಯಲ್ಲ. ಆದ್ದರಿಂದ ಮೆಚ್ಚುಗೆಯ ಲೆಕ್ಕವನ್ನು ಮುಚ್ಚಿಡಬೇಕು, ‘ವಾರದ ಚಿತ್ರ’ವನ್ನು ನಿಲ್ಲಿಸಬೇಕು ಎಂದು ನಮ್ಮ ಗುಂಪಿನಲ್ಲಿ ಎರಡು ಬಾರಿ ಕೇಳಿದ್ದೇನೆ. ಎರಡು ಬಾರಿಯೂ ಯಾರೂ ಬೇಡವೆನ್ನಲಿಲ್ಲ, ನಿಲ್ಲಿಸಲೂ ಇಲ್ಲ.

ದಿನವೂ ಚಿತ್ರ ಬೇಕೆಂಬ ಹಸಿವಿಗೆ ಜನರ ಮುಖಗಳು ಸುಲಭದ ತುತ್ತು ಎಂಬುದನ್ನೂ ಹೇಳಬೇಕು. ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿದ್ದ ಹೆಂಗಸೊಬ್ಬರು ನನ್ನ ಮೊಬೈಲ್ ನೋಡಿ, “ಇದನ್ನ ಎಷ್ಟು ಜನ ನೋಡ್ತಾರೆ?” ಎಂದು ಕೇಳಿದರು. ನಾನೂರು ಜನ ಎಂದೆ. “ಹಂಗಾರೆ ಕೈ ತೆಗೀರಿ, ಮುಖ ಬ್ಯಾಡ” ಎಂದರು. ಚೊಗರಿನಿಂದ ಕಪ್ಪಾದ ಆ ಬೆರಳುಗಳ ಚಿತ್ರ ನನ್ನ ವರ್ಷದ ಒಳ್ಳೆಯ ಚಿತ್ರಗಳಲ್ಲೊಂದು. ಕೇಳಿದ್ದು ಅವರು, ನಾನಲ್ಲ ಎಂಬುದು ಈಗಲೂ ಮುಜುಗರದ ವಿಷಯ.

ಲೆಕ್ಕ ಎಂದ ಮೇಲೆ ಜೋಡಿಸಿಡುವುದೂ ಮುಖ್ಯ. ವಾಟ್ಸ್ಯಾಪ್‌ನಲ್ಲಿ ಫೋಟೊವಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನ ಮತ್ತು ಹೊತ್ತಿನ ವಿವರ ಅದರಿಂದ ಕಳಚಿಹೋಗುತ್ತದೆ. ಮೂಲ ಚಿತ್ರವನ್ನು ಬೇರೆ ಕಡೆ ಉಳಿಸಿಕೊಳ್ಳಬೇಕು. ಒಂದಕ್ಕೆ ನಾಲ್ಕು ಎಂಬಿ ಎಂದು ಹಿಡಿದರೂ 365 ಸೇರಿ ಒಂದೂವರೆ ಜಿಬಿ ದಾಟುವುದಿಲ್ಲ. ನಾನು ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಆರಂಭಿಸಿ, ಹನ್ನೆರಡು ತಿಂಗಳಿಗೆ ಬದಲಾಗಿ 27 ನಕ್ಷತ್ರಗಳ ಹೆಸರಿನಲ್ಲಿ 27 ಫೋಲ್ಡರ್ ಮಾಡಿದ್ದೇನೆ. ಒಂದೊಂದರಲ್ಲಿ 13 ಅಥವಾ 14 ಚಿತ್ರ. ಆರಿದ್ರೆಯದನ್ನು ತೆರೆದರೆ ಪೂರ್ತಿ ಕಡು ಹಸಿರು, ಸ್ವಾತಿಯದನ್ನು ತೆರೆದರೆ ಬಿಸಿಲಿಗೆ ಹರವಿದ ಅಡಿಕೆಯ ಕೆಂಪು. ತಿಂಗಳಿನ ಲೆಕ್ಕದಲ್ಲಿ ಇದು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಮಂಗಳೂರಿನಿಂದ ಮರಳಿದ ದಿನ ದೊಡ್ಡಪ್ಪ ಕಾಲು ತೊಳೆದವರೇ ಪುಸ್ತಕ ತೆರೆದರು. ಎರಡು ಸಾಲು ಖಾಲಿ. ದಿನವೂ ಚಿತ್ರ ತೆಗೆದಿದ್ದ ನಾನು ಮಳೆಮಾಪಕದ ಹತ್ತಿರ ಹೋಗಿರಲೇ ಇಲ್ಲ. ಅವರು ಬೈಯಲಿಲ್ಲ, ಹೋಗಿ ಅಳೆದರು. ಎರಡು ದಿನ ಸೇರಿ 118 ಮಿಲಿಮೀಟರ್. ಯಾವ ದಿನ ಎಷ್ಟು ಎಂದು ಹೇಳುವಂತಿರಲಿಲ್ಲ. “ನಿನ್ನ ಫೋಟೊ ಇದಾವಲ್ಲ, ತೆಗಿ ನೋಡಾಣ” ಎಂದರು. ಮೊದಲ ದಿನದ್ದು ಬಚ್ಚಲೊಲೆ, ತೊಟ್ಟಿಕ್ಕುವ ಬಟ್ಟೆ. ಎರಡನೆಯ ದಿನದ್ದು ಅಂಗಳದ ಕಲ್ಲಿನ ಮೇಲೆ ಕುಳಿತ ಬೆಕ್ಕು, ಪಕ್ಕದಲ್ಲಿ ತೆಳುವಾದ ನೆರಳು. ಹೊಸ ಕನ್ನಡಕ ಏರಿಸಿ ಆ ನೆರಳನ್ನೇ ಬಹಳ ಹೊತ್ತು ನೋಡಿ, “ಇದು ಎಷ್ಟು ಗಂಟೇದು?” ಎಂದು ಕೇಳಿದರು. ಸಂಜೆ 4 ಗಂಟೆ 10 ನಿಮಿಷ ಎಂದೆ. ಎರಡೂ ಸಾಲುಗಳನ್ನು ಕೂಡಿಸಿ ಒಂದು ಕಂಸ ಎಳೆದು, 118 ಎಂದು ಬರೆದು, ಷರಾ ಕಾಲಂನಲ್ಲಿ ಪೆನ್ಸಿಲ್‌ನಿಂದ ಸೇರಿಸಿದರು: ‘ಎರಡನೇ ದಿನ ಸಂಜೆ ನಾಲ್ಕಕ್ಕೆ ಮಳೆ ಬಿಟ್ಟು ಹೊಳವು. ಬೆಕ್ಕಿನ ಫೋಟೊ ಇದೆ.’