ಫೋನ್ ಕಿತ್ಕೊಳ್ಳೋ ಮೊದಲು

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೈಸ್ಕೂಲು. ಅಲ್ಲಿ ನಾವು ಖಾಲಿ ಚಪ್ಪಲಿ ಡಬ್ಬಕ್ಕೆ ತೂತು ಕೊರೆದು ಮೇಜಿನ ಮೇಲೆ ಇಟ್ಟಿದ್ದೆವು. ಫೋನಿನ ಬಗ್ಗೆ ಏನು ಕೇಳಬೇಕೋ ಬರೆದು ಹಾಕಿ, ಹೆಸರು ಬೇಡ ಅಂದಿದ್ದೆವು. ಪಾಸ್‌ವರ್ಡು, ಹ್ಯಾಕಿಂಗು ಅಂತ ಕೇಳಬಹುದು ಅಂದುಕೊಂಡು ನಾನು ತಯಾರಾಗಿ ಹೋಗಿದ್ದೆ. ಡಬ್ಬ ಸುರಿದಾಗ ಕೈಗೆ ಸಿಕ್ಕ ಮೊದಲ ಚೀಟಿ ಇದು: “ಮಿಸ್, ಮನೆಯಲ್ಲಿ ಹೇಳಿದರೆ ಫೋನ್ ಕಿತ್ಕೊಳ್ತಾರೆ. ಕಿತ್ಕೊಳ್ದೇ ಇರೋ ಹಾಗೆ ಹೇಳೋದು ಹೇಗೆ?”

ನನ್ನ ಪಾಠದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ನಮ್ಮದು ಒಂದು ಚಿಕ್ಕ ಸಂಸ್ಥೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹೈಸ್ಕೂಲು, ಪಿಯು ಕಾಲೇಜುಗಳಿಗೆ ಹೋಗಿ ಇಂಟರ್ನೆಟ್ಟಿನಲ್ಲಿ ಹುಷಾರಾಗಿ ಇರೋದು ಹೇಗೆ, ಅಲ್ಲಿ ನಮ್ಮ ಹಕ್ಕು ಏನು ಅಂತ ಮಾತಾಡುತ್ತೇವೆ. ಆ ಚೀಟಿ ಬಂದ ಮೇಲೆ ನಮ್ಮ ಕೆಲಸದ ದಿಕ್ಕೇ ಸ್ವಲ್ಪ ತಿರುಗಿತು. ಮಕ್ಕಳಿಗಿಂತ ಜಾಸ್ತಿ ಈಗ ಅಪ್ಪ ಅಮ್ಮಂದಿರ ಹತ್ತಿರ ಕೂರುತ್ತೇವೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಕಾಲೇಜು ಸಮಾರಂಭದಲ್ಲಿ ತೆಗೆದ ಅವಳ ಫೋಟೋ ಇಟ್ಟು ಯಾರೋ ಇನ್‌ಸ್ಟಾಗ್ರಾಂನಲ್ಲಿ ಅವಳ ಹೆಸರಿನದೇ ಖಾತೆ ತೆರೆದಿದ್ದರು. ಆಮೇಲೆ ಅವಳಿಗೇ ಮೆಸೇಜು: “ವಿಡಿಯೋ ಕಾಲಿಗೆ ಬಾ. ಇಲ್ಲಾಂದ್ರೆ ನಿಮ್ಮಪ್ಪನಿಗೆ ಏನೇನೋ ಕಳಿಸ್ತೀನಿ.” ಮನೆಗೆಲ್ಲ ಇರೋದು ಒಂದೇ ಫೋನು. ರೇಷ್ಮೆ ಗೂಡು ಮಾರಿದ ದುಡ್ಡು ಖಾತೆಗೆ ಬಿತ್ತಾ ಅಂತ ಅಪ್ಪ ನೋಡೋದೂ ಅದರಲ್ಲೇ. ಅಪ್ಪ ಮಾರುಕಟ್ಟೆಯಿಂದ ಬರುವಷ್ಟರಲ್ಲಿ ಇವಳು ದಿನಾ ಮೆಸೇಜು ಅಳಿಸಿ ಫೋನನ್ನು ಮೊದಲಿದ್ದ ಜಾಗದಲ್ಲೇ ಇಡುತ್ತಿದ್ದಳು. ನಮಗೆ ಹೇಳುವಷ್ಟರಲ್ಲಿ ತೋರಿಸೋಕೆ ಒಂದು ಸಾಲೂ ಉಳಿದಿರಲಿಲ್ಲ. ಸಾಕ್ಷಿಯನ್ನೆಲ್ಲ ಅವಳ ಕೈಯಿಂದಲೇ ಅಳಿಸಿ ಹಾಕಿಸಿದ್ದು ಭಯ.

ಹೆದರಿಸುವವನ ಬಂಡವಾಳ ಆ ಫೋಟೋ ಅಲ್ಲ. ಮನೆಯಲ್ಲಿ ಹೇಳಲ್ಲ ಅನ್ನೋ ನಂಬಿಕೆಯೇ ಅವನ ಬಂಡವಾಳ. ಹೇಳಿದರೆ ಹುಡುಗನಿಗಾದರೆ ಫೋನ್ ಹೋಗುತ್ತೆ, ಹುಡುಗಿಗಾದರೆ ಕಾಲೇಜೇ ಹೋಗಬಹುದು. ಇದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಮಾಡಬೇಕು? ಮೊದಲು, ಏನನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಖಾತೆಯ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಿ. ತೋರಿಸೋ ಹೆಸರನ್ನು ಅವನು ನಾಳೆ ಬದಲಾಯಿಸಿಬಿಡಬಹುದು, ಅಲ್ವಾ? ಆಮೇಲೆ ಆ ಆ್ಯಪಿನಲ್ಲೇ ದೂರು ಕೊಡಿ. ನಕಲಿ ಖಾತೆ, ತಿದ್ದಿದ ಫೋಟೋ, ಬೆತ್ತಲೆ ಚಿತ್ರ, ಇಂಥ ದೂರುಗಳ ಮೇಲೆ ಕಂಪನಿ ಕ್ರಮ ತೆಗೆದುಕೊಳ್ಳಲೇಬೇಕು. 2021ರಲ್ಲಿ ಐಟಿ, ಅಂದರೆ ಮಾಹಿತಿ ತಂತ್ರಜ್ಞಾನದ ನಿಯಮ ಬಂದಾಗ ಅದಕ್ಕೆ ಇಟ್ಟ ಗಡುವು 24 ಗಂಟೆ. ಪೊಲೀಸ್ ದೂರಿಗೆ ಸೈಬರ್ ಅಪರಾಧ ನೋಡಿಕೊಳ್ಳೋ ಜಿಲ್ಲೆಯ ಸೆನ್ ಠಾಣೆ ಇದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯೋ ಸಾಧ್ಯತೆ ಜಾಸ್ತಿ. ಮಕ್ಕಳು ಯಾವ ಹೊತ್ತಿನಲ್ಲಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಬಹುದು.

ಇನ್ನೊಂದು ಉಪಾಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲಿ ಕಾಣೆಯಾದ ಮಕ್ಕಳಿಗಾಗಿ 1984ರಿಂದ ಕೆಲಸ ಮಾಡುತ್ತಿರುವ ಒಂದು ಲಾಭರಹಿತ ಸಂಸ್ಥೆ 2023ರಲ್ಲಿ ‘ಟೇಕ್ ಇಟ್ ಡೌನ್’ ಅನ್ನೋ ಸೇವೆ ಶುರುಮಾಡಿತು. 18 ತುಂಬುವ ಮೊದಲು ತೆಗೆದ ಬೆತ್ತಲೆ ಚಿತ್ರ ಹರಡುತ್ತೆ ಅನ್ನೋ ಭಯ ಇರುವವರಿಗೆ ಇದು. ಹೆಸರು ಹೇಳಬೇಕಿಲ್ಲ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ಅದು ನಿಮ್ಮ ಫೋನಿನಲ್ಲೇ ಇರುತ್ತೆ, ಅದರಿಂದ ಅಂಕಿ ಅಕ್ಷರಗಳ ಒಂದು ಸಾಲು ಮಾತ್ರ ತಯಾರಾಗಿ ಹೋಗುತ್ತೆ. ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ ಅಂದುಕೊಳ್ಳಿ. ಗುರುತು ನೋಡಿ ಮುಖ ಬಿಡಿಸೋಕೆ ಬರಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳು ಆ ಗುರುತು ಹಿಡಿದು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗೋದನ್ನು ಮಾತ್ರ ಇದು ತಡೆಯಲ್ಲ. ಅಲ್ಲಿ ಫಾರ್ವರ್ಡ್ ಮಾಡುವ ಗೆಳೆಯರಿಗೆ ಒಂದು ಮಾತು: 18 ತುಂಬದವರ ಅಂಥ ಚಿತ್ರವನ್ನು ಸುಮ್ನೆ ದಾಟಿಸಿದರೂ ಅಪರಾಧ. ಐಟಿ ಕಾಯ್ದೆಯ 67ಬಿ ಕಲಂ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು.

ಹಕ್ಕು ಅಂದರೆ ಮಕ್ಕಳು ನಗುತ್ತಾರೆ. ಆಗ ಪುಟ್ಟಸ್ವಾಮಿಯವರ ವಿಷಯ ಹೇಳುತ್ತೇನೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇಳಿವಯಸ್ಸಿನಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. 2023ರಲ್ಲಿ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. ಅದರ ಪ್ರಕಾರ 18 ತುಂಬದವರ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಬೇಕು. ಒಳ್ಳೆಯದೇ. ಆದರೆ ನಮ್ಮ ಕಡೆ ಅಪ್ಪನ ಫೋನಿಗೆ ಪಾಸ್‌ವರ್ಡ್ ಹಾಕಿಕೊಡೋದೇ ಮಗ! ಒಪ್ಪಿಗೆಯ ಗುಂಡಿ ಒತ್ತೋದು ಯಾರು ಅಂತ ನೀವೇ ಹೇಳಿ.

ಅಪ್ಪ ಅಮ್ಮಂದಿರ ಸಭೆಯೂ ಅಷ್ಟು ಸುಲಭ ಅಲ್ಲ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ವಾರ ಕರೆದರೆ ಒಬ್ಬರೂ ಬರಲ್ಲ. ಆಗ ನಾವೇ ಹುಳದ ಮನೆಗೆ ಹೋಗುತ್ತೇವೆ. ಚಪ್ಪಲಿ ಹೊರಗೆ ಬಿಟ್ಟು, ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಂಕಿಗೆ ಹುಳ ಬಿಡುತ್ತಾ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತು. “ಬೈಯೋದಾದರೆ ಬೈಯಿರಿ, ಫೋನ್ ಮಾತ್ರ ಕಿತ್ಕೋಬೇಡಿ, ಸಾಕ್ಷಿ ಇರೋದು ಅದರಲ್ಲೇ” ಅನ್ನುತ್ತೇನೆ. ಒಬ್ಬ ತಾಯಿ ತಲೆ ಎತ್ತದೆ ಕೇಳಿದರು: “ಮಿಸ್, ಅವಳು ನಮಗೆ ಹೇಳಲ್ಲ ಅಂತೀರ. ನಾವು ಏನಂದ್ರೆ ಹೇಳ್ತಾಳೆ?”

ಈ ಸಲ ಅದೇ ಶಾಲೆಗೆ ಹೋದಾಗ ಡಬ್ಬದಲ್ಲಿ ಒಂದು ಚೀಟಿ ಇತ್ತು. ಹುಡುಗನ ಅಕ್ಷರ ಇರಬೇಕು, ಪೆನ್ಸಿಲ್ಲಿನಲ್ಲಿ ಗೀಚಿದ್ದು. “ಅಪ್ಪನಿಗೆ ಹೇಳಿದೆ. ತುಂಬಾ ಬೈದರು. ಆಮೇಲೆ ಬೈಕ್ ತೆಗೆದು, ಹತ್ತು ಅಂದರು. ಠಾಣೆಗೆ ಹೋಗಿ ಬಂದೆವು.”

ನಮಸ್ಕಾರ.