ತೊಗಲಿನ ಸುಂಕ: ಎರಡೂ ಕಡೆ ಲಾಭ ಒಬ್ಬರಿಗೇ ಯಾಕೆ?

ನಮಸ್ಕಾರ. ಇವತ್ತು ಹಸಿ ತೊಗಲಿನ ಬಗ್ಗೆ ಮಾತಾಡೋಣ. ಕುರಿ, ಆಡು, ಎಮ್ಮೆಯಿಂದ ಸುಲಿದು, ಉಪ್ಪು ಸವರಿ ಮಡಚಿಟ್ಟ ತೊಗಲು. ಅದಕ್ಕೆ ಕಸ್ಟಮ್ಸ್‌ನವರು ಹಾಕುವ ಸುಂಕ. ಸ್ವಲ್ಪ ವಾಸನೆಯ ವಿಷಯ, ನಿಜ. ಆದರೆ ನಿಮ್ಮ ಕಾಲಿನ ಚಪ್ಪಲಿ, ಸೊಂಟದ ಬೆಲ್ಟು ಎಲ್ಲವೂ ಇಲ್ಲಿಂದಲೇ ಶುರುವಾಗೋದು, ಅಲ್ವಾ?

ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಹಸಿ ತೊಗಲನ್ನು ಹೊರದೇಶದಿಂದ ಭಾರತಕ್ಕೆ ತಂದರೆ ಮೂಲ ಆಮದು ಸುಂಕ ಸೊನ್ನೆ. ಇಲ್ಲಿನ ತೊಗಲನ್ನು ಹೊರಗೆ ಕಳಿಸಿದರೆ ರಫ್ತು ಸುಂಕ ಶೇ. 40. ಎಮ್ಮೆಯದಾದರೆ ಶೇ. 30. ಅಂದರೆ ಟ್ಯಾನರಿಯವರು, ಅಂದರೆ ತೊಗಲು ಹದ ಮಾಡುವ ಕಾರ್ಖಾನೆಯವರು, ಹೊರಗಿನ ಮಾಲನ್ನು ಸುಂಕವಿಲ್ಲದೆ ತರಿಸಬಹುದು, ಒಳಗಿನ ಮಾಲನ್ನು ಅಗ್ಗಕ್ಕೆ ಕೊಳ್ಳಬಹುದು. ಆದರೆ ತೊಗಲು ಮಾರುವವನಿಗೆ ಹೊರಗಿನ ಮಾಲಿನ ಜೊತೆ ಪೈಪೋಟಿ ಉಂಟು, ಹೊರಗಿನ ಗಿರಾಕಿ ಇಲ್ಲ. ಈ ಎರಡರಲ್ಲಿ ಒಂದನ್ನು ಸರ್ಕಾರ ಬಿಡಬೇಕು. ಬಿಡಬೇಕಾದ್ದು ಆ ಶೇ. 40 ಅನ್ನೋದು ನನ್ನ ಅಭಿಪ್ರಾಯ.

ಮೊದಲು ಈ ತೊಗಲನ್ನು ಕಸ್ಟಮ್ಸ್‌ನವರು ಹೇಗೆ ವಿಂಗಡಿಸುತ್ತಾರೆ ಅಂತ ನೋಡೋಣ. ಇಡೀ ಜಗಳ ಇರೋದೇ ಅಲ್ಲಿ.

ಜಗತ್ತಿನ ಬಹುತೇಕ ದೇಶಗಳು ಸರಕುಗಳಿಗೆ ಒಂದೇ ಪಟ್ಟಿ ಬಳಸುತ್ತವೆ. ಅದಕ್ಕೆ ಎಚ್‌ಎಸ್ ಕೋಡ್ ಅಂತಾರೆ. ಅದರ 41ನೇ ಅಧ್ಯಾಯ ತೊಗಲು ಮತ್ತು ಹದ ಮಾಡಿದ ಚರ್ಮದ್ದು. 4101 ದನ, ಎಮ್ಮೆ, ಕುದುರೆಯ ಹಸಿ ತೊಗಲು. 4102 ಕುರಿಯದು. 4103 ಉಳಿದವು, ಆಡು ಅದರಲ್ಲಿ ಬರುತ್ತದೆ. 4104ರಿಂದ 4106ರವರೆಗೆ ಹದ ಮಾಡಿದ್ದು ಮತ್ತು ಒಣಗಿಸಿದ ಕ್ರಸ್ಟ್. 4107ರಿಂದ ಮುಂದೆ ಪೂರ್ತಿ ಸಿದ್ಧವಾದ ಚರ್ಮ. ಚೀಲ, ಬೆಲ್ಟು ಆದರೆ 42ನೇ ಅಧ್ಯಾಯ. ಚಪ್ಪಲಿ, ಬೂಟು ಆದರೆ 64.

ಕೇಳೋಕೆ ಸಲೀಸು. ಒಳಗೆ ಹೋದರೆ ತಮಾಷೆ ಶುರು. ದನದ ತೊಗಲಿನ ಮೇಲೆ ಕೂದಲಿದ್ದರೂ ಅದು ಹಸಿಯಾಗಿದ್ದರೆ 41ರಲ್ಲೇ ಇರುತ್ತದೆ. ಕೂದಲು ಉಳಿಸಿಕೊಂಡು ಹದ ಮಾಡಿ ನೆಲಕ್ಕೆ ಹಾಸುವ ಹಾಸು ಮಾಡಲು ಕಳಿಸಿದರೆ, ನರಿ, ಮಿಂಕ್‌ಗಳ ಜೊತೆ 43ನೇ ಅಧ್ಯಾಯಕ್ಕೆ ಜಿಗಿಯುತ್ತದೆ. ತಿನ್ನೋಕೆ ಯೋಗ್ಯವಾದ ತೊಗಲಾದರೆ ಚರ್ಮದ ಅಧ್ಯಾಯವೇ ಅಲ್ಲ, ಮಾಂಸದ 2ನೇ ಅಧ್ಯಾಯ. ಬೇಯಿಸಿದ್ದರೆ 16. ಸುಲಿಯುವಾಗ ಉಳಿದ ಚೂರುಪಾರು 5ನೇ ಅಧ್ಯಾಯದ 0511. ಹದ ಮಾಡಿದ್ದನ್ನು ಮತ್ತೆ ಹಸಿ ಸ್ಥಿತಿಗೆ ತರುವಂತಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ಹಸಿಯೇ.

ತೂಕದ ನಿಯಮ ನನಗೆ ತುಂಬಾ ಇಷ್ಟ. ದನದ ಇಡೀ ತೊಗಲನ್ನು ಚಿಕ್ಕದು, ದೊಡ್ಡದು ಅಂತ ಬೇರೆ ಮಾಡುತ್ತಾರೆ. ಗಡಿ ಎಷ್ಟು? ಬರೀ ಒಣಗಿಸಿದ್ದಾದರೆ 8 ಕಿಲೋ. ಉಪ್ಪು ಹಾಕಿ ಒಣಗಿಸಿದ್ದರೆ 10. ತಾಜಾ ಅಥವಾ ಹಸಿ ಉಪ್ಪಿನದಾದರೆ 16. ಒಂದೇ ಕರುವಿನ ತೊಗಲು, ನೀರು ಹೋದಂತೆ ತೂಕ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ಪಟ್ಟಿ ಬರೆದವರಿಗೆ ಗೊತ್ತಿತ್ತು. ತೊಗಲಿನ ಮಂಡಿಯಲ್ಲಿ ಕೂತು ತೂಕ ಹಾಕಿದ ಯಾರೋ ಅವರ ಪಕ್ಕದಲ್ಲಿ ಇದ್ದಿರಬೇಕು.

ಈಗ ವೆಟ್ ಬ್ಲೂ. ಈ ಹೆಸರು ನೆನಪಿಟ್ಟುಕೊಳ್ಳಿ. ಹಸಿ ತೊಗಲನ್ನು ನೆನೆಸಿ, ಸುಣ್ಣದಲ್ಲಿಟ್ಟು ಕೂದಲು ತೆಗೆದು, ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದಾಗ ತೊಗಲು ತಿಳಿ ನೀಲಿ ಆಗುತ್ತದೆ. ಒದ್ದೆಯಾಗಿಯೇ ಇರುತ್ತದೆ. ಅದೇ ವೆಟ್ ಬ್ಲೂ. ಕೊಳೆಯುವ ಭಯ ಇಲ್ಲ, ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸಬಹುದು. ಅದಕ್ಕೆ ಬಣ್ಣ, ಎಣ್ಣೆ ಕೊಟ್ಟು ಒಣಗಿಸಿದರೆ ಕ್ರಸ್ಟ್. ಮೇಲೆ ಲೇಪನ, ಹೊಳಪು ಕೊಟ್ಟರೆ ಫಿನಿಶ್ಡ್ ಲೆದರ್.

ಈ ವೆಟ್ ಬ್ಲೂ ವಿಷಯದಲ್ಲಿ ದೆಹಲಿಯವರು ಮಾಡಿದ್ದು ಕೇಳಿ. 2021ರ ಬಜೆಟ್‌ನಲ್ಲಿ ಕೆಲವು ಬಗೆಯ ಚರ್ಮಕ್ಕಿದ್ದ ಆಮದು ವಿನಾಯಿತಿ ತೆಗೆದರು. ಇಲ್ಲೇ ಸಣ್ಣ ಉದ್ಯಮಗಳು ಒಳ್ಳೆಯ ಚರ್ಮವನ್ನು ಸಾಕಷ್ಟು ತಯಾರಿಸುತ್ತವೆ, ಹೊರಗಿನದು ಯಾಕೆ ಅನ್ನೋದು ಕಾರಣ. ಸುಂಕ ಶೇ. 10 ಆಯಿತು. ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಅಂತ ಸುಂಕದ ಹತ್ತನೇ ಒಂದು ಭಾಗ. ಒಟ್ಟು 11. ಅಂದರೆ 50 ಲಕ್ಷದ ಮಾಲು ತರಿಸಿದರೆ ಐದೂವರೆ ಲಕ್ಷ ಸುಂಕ. ಇದರ ಮೇಲೆ ಶೇ. 5 ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ, ಅದು ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಸುಂಕ ಸಿಗೋದಿಲ್ಲ.

ನಾಲ್ಕೇ ವರ್ಷ. 2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ಅದೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ವೆಟ್ ಬ್ಲೂ ಸುಂಕವನ್ನು ಪೂರ್ತಿ ತೆಗೆದರು. ಈ ಸಲದ ಕಾರಣ: ಆಮದು ಸುಲಭವಾದರೆ ಇಲ್ಲಿ ಮೌಲ್ಯ ಹೆಚ್ಚಿಸುವ ಕೆಲಸ ನಡೆಯುತ್ತದೆ, ಉದ್ಯೋಗ ಸಿಗುತ್ತದೆ. ಅದೇ ದಿನ ಕ್ರಸ್ಟ್ ಮೇಲಿನ ಶೇ. 20 ರಫ್ತು ಸುಂಕವನ್ನೂ ತೆಗೆದರು, ಸಣ್ಣ ಟ್ಯಾನರಿಗಳಿಗೆ ಅನುಕೂಲವಾಗಲಿ ಅಂತ. ಮೇ ತಿಂಗಳಲ್ಲಿ ಇನ್ನೊಂದು ಬದಲಾವಣೆ. ಹದ ಮಾಡಿದ ಚರ್ಮ ಇಂಥ ಬಂದರಿನಿಂದಲೇ ಹೋಗಬೇಕು, ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯ ಪರೀಕ್ಷೆ ಆಗಲೇಬೇಕು ಅನ್ನುವ ಹಳೆಯ ನಿಯಮಗಳೂ ಹೋದವು.

ಆ ಪರೀಕ್ಷೆ ಇದ್ದದ್ದು ಯಾಕೆ ಗೊತ್ತಾ? ಕ್ರಸ್ಟ್‌ಗೆ ಸುಂಕ ಇತ್ತು, ಫಿನಿಶ್ಡ್‌ಗೆ ಇರಲಿಲ್ಲ. ಹಾಗಾಗಿ ಕ್ರಸ್ಟ್‌ಗೆ ತೆಳ್ಳಗೆ ಒಂದು ಲೇಪನ ಬಳಿದು ‘ಇದು ಫಿನಿಶ್ಡ್ ಸ್ವಾಮಿ’ ಅನ್ನುವವರು ಹುಟ್ಟಿಕೊಂಡರು. ಅದನ್ನು ಹಿಡಿಯೋಕೆ ಅಧಿಕಾರಿಗಳು, ಅವರಿಗೆ ಉತ್ತರ ಕೊಡೋಕೆ ವಕೀಲರು. ಸಾಲುಸಾಲು ಮೊಕದ್ದಮೆಗಳು. ಸುಂಕದಲ್ಲಿ ಅಂತರ ಇಟ್ಟ ಕಡೆಯಲ್ಲೆಲ್ಲ ಹೀಗೆಯೇ ಆಗೋದು. ಈಗ ಅಂತರ ಹೋಯಿತು, ಜಗಳವೂ ಕಡಿಮೆಯಾಗುತ್ತದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಒಂದು ಪ್ರಶ್ನೆ. ಕ್ರಸ್ಟ್ ಹೋಗಬಹುದು, ಫಿನಿಶ್ಡ್ ಹೋಗಬಹುದು, ಗಿಡದ ತೊಗಟೆಯಿಂದ ಹದ ಮಾಡಿದ ಇಐ (ಈಸ್ಟ್ ಇಂಡಿಯಾ) ಚರ್ಮ 2019ರಿಂದಲೇ ಸುಂಕವಿಲ್ಲದೆ ಹೋಗಬಹುದು. ಹಸಿ ತೊಗಲಿಗೆ ಮಾತ್ರ ಶೇ. 40 ಯಾಕೆ?

ಈ 40 ಯಾರ ಜೇಬಿನಿಂದ ಹೋಗುತ್ತದೆ ಅಂತ ಲೆಕ್ಕ ಹಾಕಿ. ಉದಾಹರಣೆಗೆ, ಒಂದು ತೊಗಲಿಗೆ ಹೊರದೇಶದ ಗಿರಾಕಿ 1000 ರೂಪಾಯಿ ಕೊಡ್ತೀನಿ ಅಂತಾನೆ. ಸುಂಕವನ್ನು ಆ 1000ದ ಮೇಲೇ ಹಾಕುತ್ತಾರೆ. 400 ಸರ್ಕಾರಕ್ಕೆ. ಉಳಿಯೋದು 600, ಅದರಲ್ಲೇ ಸಾಗಣೆ, ಪ್ಯಾಕಿಂಗ್. ಹೀಗಿರುವಾಗ ಊರಿನ ಟ್ಯಾನರಿಯವನು 1000 ಯಾಕೆ ಕೊಡುತ್ತಾನೆ? 600 ಅಂದರೂ ಮಾರುವವನು ಸುಮ್ನೆ ಕೊಟ್ಟು ಹೋಗಬೇಕು. ಇಂಥ ದರಕ್ಕೆ ಯಾರೂ ರಫ್ತು ಮಾಡೋದಿಲ್ಲ, ಹಾಗಾಗಿ ಸರ್ಕಾರಕ್ಕೂ ಹೆಚ್ಚೇನೂ ಬರೋದಿಲ್ಲ. ಖಜಾನೆಗೆ ಬಾರದ ಆ 400 ತೊಗಲಿನವನ ಕೈಯಿಂದ ನೇರವಾಗಿ ಟ್ಯಾನರಿಗೆ ಹೋಗುತ್ತದೆ. ಬಜೆಟ್ ಪುಸ್ತಕದಲ್ಲಿ ಕಾಣದ ಸಬ್ಸಿಡಿ ಇದು. ಕೊಡುವವರು ಯಾರು? ಮಾಂಸದ ಅಂಗಡಿಯವರು, ಸತ್ತ ದನ ಸುಲಿಯುವ ಮಾದಿಗ, ಸಮಗಾರ ಕುಟುಂಬಗಳು, ಊರೂರು ಸುತ್ತಿ ತೊಗಲು ಕೂಡಿಸುವ ಸಣ್ಣ ವ್ಯಾಪಾರಿಗಳು. ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ಕರೆಯುವ ಸಭೆಗಳಲ್ಲಿ ಇವರಿಗೆ ಕುರ್ಚಿ ಇರೋದಿಲ್ಲ.

ಇದು ಇವತ್ತಿನ ಕಥೆಯೂ ಅಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಕಲ್ಕತ್ತೆಯ ಹಸಿ ತೊಗಲಿನ ವ್ಯಾಪಾರ ಹೆಚ್ಚಾಗಿ ಜರ್ಮನ್ ಕಂಪನಿಗಳ ಕೈಯಲ್ಲಿತ್ತು. ಯುದ್ಧ ಮುಗಿದ ಮೇಲೆ 1919ರಲ್ಲಿ ಬ್ರಿಟಿಷ್ ಸರ್ಕಾರ ಹಸಿ ತೊಗಲಿನ ರಫ್ತಿಗೆ ಶೇ. 15 ಸುಂಕ ಹಾಕಿತು. ಆದರೆ ತೊಗಲು ಬ್ರಿಟಿಷ್ ಸಾಮ್ರಾಜ್ಯದೊಳಗೇ ಹದವಾಗುವುದಾದರೆ ಅದರಲ್ಲಿ ಮೂರನೇ ಎರಡು ಭಾಗ ವಾಪಸ್. ಜರ್ಮನಿಗೆ ತೊಗಲು ಸಿಗಬಾರದು, ತಮ್ಮ ಟ್ಯಾನರಿಗೆ ಅಗ್ಗಕ್ಕೆ ಸಿಗಬೇಕು. 1923ರಲ್ಲಿ ಅದು ಶೇ. 5ಕ್ಕೆ ಇಳಿಯಿತು. ಸ್ವಾತಂತ್ರ್ಯ ಬಂದ ಮೇಲೆ 1972ರಲ್ಲಿ ಸೀತಾರಾಮಯ್ಯ ಸಮಿತಿ ಹಸಿ ತೊಗಲಿನ ರಫ್ತು ತಡೆಯಿರಿ, ಸಿದ್ಧ ವಸ್ತು ಮಾರಿ ಅಂತ ಸಲಹೆ ಕೊಟ್ಟಿತು. ಆಗ ಅದು ಸರಿಯೇ ಇತ್ತು ಅಂತ ನನಗೂ ಅನಿಸುತ್ತದೆ. ತಮಿಳುನಾಡಿನ ಅಂಬೂರು, ವಾಣಿಯಂಬಾಡಿ, ಉತ್ತರದ ಕಾನ್ಪುರಗಳಲ್ಲಿ ಇವತ್ತು ಶೂ ಕಾರ್ಖಾನೆಗಳಿದ್ದರೆ ಅದರಲ್ಲಿ ಆ ನೀತಿಯ ಪಾಲು ದೊಡ್ಡದು. ಆದರೆ ಐವತ್ತು ವರ್ಷ ದಾಟಿದ ಮೇಲೂ ಉದ್ಯಮ ಊರುಗೋಲು ಬಿಡದಿದ್ದರೆ?

ಬಾಂಗ್ಲಾದೇಶ ನೋಡಿ. 1990ರಲ್ಲಿ ಅಲ್ಲಿ ವೆಟ್ ಬ್ಲೂ ರಫ್ತನ್ನೇ ನಿಲ್ಲಿಸಿದರು. ಟ್ಯಾನರಿಗಳು ಬೆಳೆದವು, ಸರಿ. ಆದರೆ ಬಕ್ರೀದ್‌ನಲ್ಲಿ ಒಂದೇ ಸಲ ಲಕ್ಷಾಂತರ ತೊಗಲು ಮಾರುಕಟ್ಟೆಗೆ ಬರುತ್ತದೆ. ಕೊಳ್ಳುವವರು ಬೆರಳೆಣಿಕೆ. 2019ರಲ್ಲಿ ಬೆಲೆ ಎಷ್ಟು ಬಿತ್ತು ಅಂದರೆ ಜನ ಸಿಟ್ಟಿನಿಂದ ತೊಗಲನ್ನು ಬೀದಿಗೆ ಎಸೆದರು, ಮಣ್ಣಲ್ಲಿ ಹೂತರು. ಆ ತೊಗಲಿನ ದುಡ್ಡು ಅಲ್ಲಿ ಮದರಸಾಗಳಿಗೆ, ಅನಾಥ ಮಕ್ಕಳ ಮನೆಗಳಿಗೆ ಹೋಗುವಂಥದ್ದು.

ಟ್ಯಾನರಿಯವರ ಕಡೆಯ ಮಾತನ್ನೂ ಕೇಳಬೇಕು. ‘ಸುಂಕ ತೆಗೆದರೆ ಚೀನಾದವರು, ಇಟಲಿಯವರು ಒಳ್ಳೆಯ ತೊಗಲನ್ನೆಲ್ಲ ಬಾಚಿಕೊಂಡು ಹೋಗುತ್ತಾರೆ. ನಮ್ಮ ಕೆಲಸಗಾರರು ಬೀದಿಗೆ ಬೀಳುತ್ತಾರೆ’ ಅಂತಾರೆ. ಪೂರ್ತಿ ಸುಳ್ಳಲ್ಲ. ಇನ್ನೊಂದು ಮಾತು, ತೊಗಲಿನ ಬೆಲೆ ಬಿದ್ದಿದ್ದಕ್ಕೆ ಸುಂಕ ಒಂದೇ ಕಾರಣವೂ ಅಲ್ಲ. ರೆಕ್ಸಿನ್, ಬಟ್ಟೆಯ ಶೂ ಬಂದು ಜಗತ್ತಿನಲ್ಲೆಲ್ಲ ತೊಗಲಿನ ಬೇಡಿಕೆ ಇಳಿದಿದೆ. ಅಮೆರಿಕದಲ್ಲೂ ಕಡಿಮೆ ದರ್ಜೆಯ ತೊಗಲನ್ನು ಗುಂಡಿಗೆ ಹಾಕಿದ್ದಾರೆ. ನಮ್ಮ ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ದನದ ತೊಗಲಿನ ಪೂರೈಕೆಯೇ ಬೇರೆ ದಾರಿ ಹಿಡಿದಿದೆ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಅಥಣಿ ಸುತ್ತ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ದಪ್ಪ ಚರ್ಮ ಕೇಳುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ಜಿಐ, ಅಂದರೆ ಇಂಥ ಊರಿನದು ಅನ್ನುವ, ಗುರುತು ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಜಿಲ್ಲೆ ಅದರಲ್ಲಿ ಸೇರಿದವು. ಗುರುತು ಸಿಕ್ಕಿತು, ತೊಗಲಿನ ಚಿಂತೆ ತಪ್ಪಲಿಲ್ಲ. ಇಂಥವರಿಗೆ ರಫ್ತು ಸುಂಕ ಇಳಿದರೆ ತೊಗಲು ತುಟ್ಟಿಯಾಗಬಹುದು. ಅದಕ್ಕೆ ಅವರಿಗೆ ನೇರವಾಗಿ ನೆರವು ಕೊಡಿ. ಸುಲಿಯುವವನ ಕೂಲಿ ಕತ್ತರಿಸಿ ಹೊಲಿಯುವವನಿಗೆ ಕೊಡೋದು ಯಾವ ನ್ಯಾಯ?

ಇನ್ನು ನೀರಿನ ಮಾತು. 2025ರ ಬಜೆಟ್‌ಗೆ ಎರಡೇ ದಿನ ಮುಂಚೆ, ಜನವರಿ 30ರಂದು, ಸುಪ್ರೀಂ ಕೋರ್ಟ್ ವೆಲ್ಲೂರಿನ ಟ್ಯಾನರಿಗಳ ಬಗ್ಗೆ ತೀರ್ಪು ಕೊಟ್ಟಿತು. ಪಾಲಾರ್ ನದಿ ಕೆಟ್ಟುಹೋದ ಕಥೆ. ನಮ್ಮ ನಂದಿ ಬೆಟ್ಟದ ಕಡೆಯಿಂದ ಹುಟ್ಟಿ ತಮಿಳುನಾಡಿಗೆ ಹೋಗುವ ನದಿ ಅದು. ಇದೇ ಪಾಲಾರ್ ವಿಷಯದಲ್ಲಿ ಕೋರ್ಟ್ 1996ರಲ್ಲೇ ಕೆಡಿಸಿದವನೇ ತೆರಬೇಕು ಅಂದಿತ್ತು. ಸುಮಾರು ಮೂವತ್ತು ವರ್ಷ ಆದರೂ ಪರಿಹಾರ, ಸ್ವಚ್ಛತೆ ಎರಡೂ ಮುಗಿದಿಲ್ಲ. ತೊಗಲು ಕೆಲಸದಲ್ಲಿ ನೀರು ಜಾಸ್ತಿ ಕೆಡುವುದು ಶುರುವಿನ ಹಂತದಲ್ಲೇ: ಉಪ್ಪು ತೊಳೆಯುವುದು, ಸುಣ್ಣ, ಕ್ರೋಮಿಯಂ. ವೆಟ್ ಬ್ಲೂ ತರಿಸಿದರೆ ಆ ಕೊಳೆಯೆಲ್ಲ ಬೇರೆ ದೇಶದಲ್ಲೇ ಉಳಿಯಿತು. ನದಿಯ ದೃಷ್ಟಿಯಿಂದ ನೋಡಿದರೆ ಆಮದು ಸುಂಕ ತೆಗೆದದ್ದು ಒಳ್ಳೆಯದೇ. ಅದೇ ಲೆಕ್ಕ ಹಿಡಿದರೆ ಹಸಿ ತೊಗಲು ಹೊರಗೆ ಹೋದರೂ ಪಾಲಾರ್‌ಗೆ ಲಾಭವೇ ಅಲ್ವಾ? ಆಗ ಮಾತ್ರ ‘ದೇಶದ ಸಂಪತ್ತು ಹೋಗುತ್ತದೆ’ ಅನ್ನುವ ಕೂಗು ಏಳುತ್ತದೆ.

ನಾನು ಕೇಳೋದು ಒಂದೇ ದಿನದಲ್ಲಿ ಎಲ್ಲ ತೆಗೆಯಿರಿ ಅಂತ ಅಲ್ಲ. ಕುರಿ, ಆಡಿನ ಹಸಿ ತೊಗಲಿನಿಂದ ಶುರು ಮಾಡಿ. ಅದನ್ನು ಮಾರುವವರು ತೀರಾ ಸಣ್ಣವರು, ಮಾಂಸದ ಅಂಗಡಿ ಇರುವ ಊರಲ್ಲೆಲ್ಲ ಇದ್ದಾರೆ. 40 ಅನ್ನು 20ಕ್ಕೆ ತನ್ನಿ, ಎರಡು ಮೂರು ವರ್ಷ ನೋಡಿ, ಆಮೇಲೆ ಸೊನ್ನೆ. ಯಾವ ವರ್ಷ ಎಷ್ಟು ಅಂತ ಮೊದಲೇ ಪ್ರಕಟಿಸಿ. 2021ರಲ್ಲಿ ಹಾಕಿ 2025ರಲ್ಲಿ ತೆಗೆಯುವ ಆಟ ಬೇಡ. ಸಾಲ ಮಾಡಿ ಯಂತ್ರ ತಂದ ಟ್ಯಾನರಿಯವನಿಗೂ ಅದರಿಂದ ಕಷ್ಟವೇ.

ಈ ಅವಧಿಯಲ್ಲಿ ಬರುವ ಸುಂಕದ ಹಣವನ್ನು ಉಪ್ಪಿಗೆ, ಕತ್ತಿಗೆ, ತರಬೇತಿಗೆ ಹಾಕಿ. ನಗೋದು ಬೇಡ. ಸುಲಿಯುವಾಗ ಕತ್ತಿ ತಾಗಿ ತೂತಾದರೆ, ಸರಿಯಾದ ಹೊತ್ತಿಗೆ ಉಪ್ಪು ಬೀಳದೆ ಕೊಳೆತರೆ, ತೊಗಲಿನ ದರ್ಜೆ ಅಲ್ಲೇ ಹೋಯಿತು. ಆಮೇಲೆ ಅಂಬೂರಿನಲ್ಲಿ ಎಂಥ ಇಟಾಲಿಯನ್ ಯಂತ್ರ ಇಟ್ಟರೂ ಆ ತೂತು ಮುಚ್ಚೋದಿಲ್ಲ. ಒಳ್ಳೆಯ ತೊಗಲಿಗೆ ಒಳ್ಳೆಯ ಬೆಲೆ ಸಿಗುತ್ತದೆ ಅಂತ ಗೊತ್ತಾದರೆ ಸುಲಿಯುವವನು ತಾನೇ ಜಾಗ್ರತೆ ಮಾಡುತ್ತಾನೆ. 600ಕ್ಕೇ ಹೋಗುವ ಮಾಲಿಗೆ ಯಾರು ಎರಡು ಮುಷ್ಟಿ ಉಪ್ಪು ಜಾಸ್ತಿ ಹಾಕುತ್ತಾರೆ, ಹೇಳಿ?

ಟ್ಯಾನರಿ, ಶೂ ಕಾರ್ಖಾನೆ, ಕಸ್ಟಮ್ಸ್ ಏಜೆಂಟ್ ಕೆಲಸದಲ್ಲಿ ಇರುವವರು ಇದನ್ನು ಕೇಳುತ್ತಿದ್ದರೆ, ನನ್ನ 1000, 600ರ ಲೆಕ್ಕದ ಬದಲು ನಿಮ್ಮ ಊರಿನ ನಿಜವಾದ ದರ ಬರೆದು ಕಳಿಸಿ. ಮಾಂಸದ ಅಂಗಡಿಯವರು ಬರೆದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಯಲ್ಲಿ ಆ ದರಗಳನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ.