ಉಳಿಗೆ ಬಗ್ಗದ ಕಲ್ಲು, ಬರೆಯುವ ಮೇಜಿನ ಮೇಲೆ

[ತೆರೆಯ ಮೇಲೆ: ಬಿಳಿ ಜೇಡ್ ಬಟ್ಟಲು, ತೀರಾ ಹತ್ತಿರದಿಂದ]

ನಮಸ್ಕಾರ. ಚೀನಾದ ವಿದ್ವಾಂಸರು ಬರೆದಾದ ಮೇಲೆ ಕುಂಚ ತೊಳೆಯುತ್ತಿದ್ದ ಬಟ್ಟಲು ಇದು. ಕಮಲದ ಎಲೆಯ ಆಕಾರ. ಅಂಚು ಮಡಚಿಕೊಂಡಿರುವುದನ್ನು ನೋಡಿ. ಇಡೀ ಬಟ್ಟಲು ಜೇಡ್ ಎಂಬ ಬೆಲೆಬಾಳುವ ಕಲ್ಲಿನ ಒಂದೇ ತುಂಡು.

ಅವರ ಮೇಜಿನ ಮೇಲೆ ಇಂಥವು ಇನ್ನೂ ಇರುತ್ತಿದ್ದವು. ಕುಂಚ ಒರಗಿಸಲು ಐದು ಶಿಖರದ ಪುಟ್ಟ ಬೆಟ್ಟ. ಮಸಿಕಡ್ಡಿ ತೇಯುವಾಗ ಹನಿ ಹನಿ ನೀರು ಬಿಡಲು ಒಂದು ಪಾತ್ರೆ. ನನಗೆ ತುಂಬಾ ಇಷ್ಟವಾಗುವುದು ಮಣಿಕಟ್ಟಿನ ಆಸರೆ. ಆಗ ಅಲ್ಲಿ ಮೇಲಿನಿಂದ ಕೆಳಕ್ಕೆ ಬರೆಯುತ್ತಿದ್ದರು, ಸಾಲುಗಳು ಬಲದಿಂದ ಎಡಕ್ಕೆ ಸಾಗುತ್ತಿದ್ದವು. ಬಲಗೈ ಹಸಿ ಮಸಿಯ ಮೇಲೇ ಬರುತ್ತದೆ ಅಲ್ವಾ? ಕೈ ತಾಗದಂತೆ ಎತ್ತಿ ಹಿಡಿಯಲು ಈ ಬಾಗಿದ ಪಟ್ಟಿ.

[ತೆರೆಯ ಮೇಲೆ: ಕಾಲಿನಿಂದ ತುಳಿಯುವ ಸಾಣೆ ಯಂತ್ರದ ಚಿತ್ರ]

ಈಗ ಕೆಲಸದ ವಿಷಯಕ್ಕೆ ಬರೋಣ. ಈ ಕಲ್ಲನ್ನು ಉಳಿಯಿಂದ ಕೆತ್ತಲು ಆಗುವುದಿಲ್ಲ. ಚೀನಾದವರು ಸಾವಿರಾರು ವರ್ಷ ಬಳಸಿದ್ದು ನೆಫ್ರೈಟ್ ಎಂಬ ಜೇಡ್. ಅದರ ಒಳಗೆ ನಾರಿನಂಥ ಸಣ್ಣ ಹರಳುಗಳು ಕಂಬಳಿಯ ಉಣ್ಣೆಯ ಹಾಗೆ ಹೆಣೆದುಕೊಂಡಿರುತ್ತವೆ. ಹೊಡೆದರೆ ಸುಲಭಕ್ಕೆ ಒಡೆಯುವುದಿಲ್ಲ. ಗಡಸುತನವೂ, 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ, 6ರಿಂದ 6.5. ಹಾಗಾಗಿ ಅದಕ್ಕಿಂತ ಗಟ್ಟಿಯಾದ ಕ್ವಾರ್ಟ್ಜ್ ಅಥವಾ ಗಾರ್ನೆಟ್ ಎಂಬ ಖನಿಜದ ಪುಡಿಯನ್ನು ನೀರಿನಲ್ಲಿ ಕಲಸಿ, ತಿರುಗುವ ಕಬ್ಬಿಣದ ಚಕ್ರಕ್ಕೆ ಹಚ್ಚುತ್ತಿದ್ದರು. ಕಲ್ಲನ್ನು ಸವೆಸುತ್ತಿದ್ದದ್ದು ಆ ಪುಡಿಯೇ. ಬಟ್ಟಲಿನ ಒಳಭಾಗವನ್ನು ಪೂರ್ತಿ ಹೀಗೇ, ಸ್ವಲ್ಪ ಸ್ವಲ್ಪವಾಗಿ ಸವೆಸಿ ತೆಗೆದಿದ್ದಾರೆ!

ಒಳ್ಳೆಯ ಕಲ್ಲು ಬರುತ್ತಿದ್ದದ್ದು ಈಗ ಚೀನಾದ ಪಶ್ಚಿಮದಲ್ಲಿರುವ ಖೋತಾನ್ ಸೀಮೆಯ ನದಿಗಳಿಂದ. 1759ರ ಹೊತ್ತಿಗೆ ಚೀನಾದ ಚಿಯೆನ್‌ಲಾಂಗ್ ಚಕ್ರವರ್ತಿಯ ಸೇನೆ ಆ ಸೀಮೆಯನ್ನು ಗೆದ್ದಿತು. ಆಮೇಲೆ ಕಲ್ಲು ಜಾಸ್ತಿ ಬರತೊಡಗಿತು. ದೊಡ್ಡ ದೊಡ್ಡ ಜೇಡ್ ಬೆಟ್ಟಗಳೂ, ಅಂದರೆ ಬೆಟ್ಟದ ಆಕಾರದ ಕಲಾಕೃತಿಗಳೂ, ಆದವು. ಯಾಂಗ್‌ಝೌ ಊರಿನಲ್ಲಿ ಮಾಡಿ 1787ರಲ್ಲಿ ಮುಗಿಸಿದ ಒಂದು ಬೆಟ್ಟ ಎರಡು ಮೀಟರ್‌ಗಿಂತ ಎತ್ತರ, ತೂಕ 5 ಟನ್‌ಗೂ ಹೆಚ್ಚು. ಈಗಲೂ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ.

ಆದರೆ ನಿಜವಾದ ಜಾಣ್ಮೆ ಇರುವುದು ಅಂಗೈಯಲ್ಲಿ ಹಿಡಿಸುವ ಕೆಲಸದಲ್ಲಿ ಅಂತ ನನಗೆ ಅನಿಸುತ್ತದೆ.

[ತೆರೆಯ ಮೇಲೆ: ಕಂದು ಸಿಪ್ಪೆ ಉಳಿದಿರುವ ಪುಟ್ಟ ಜೇಡ್ ಬೆಟ್ಟ]

ನದಿಯಲ್ಲಿ ಉರುಳಿದ ಕಲ್ಲಿಗೆ ಹೊರಗೆ ಕಂದು ಸಿಪ್ಪೆ ಇರುತ್ತದೆ. ನಡುವೆ ಬಿರುಕೂ ಇರಬಹುದು. ಅದನ್ನೆಲ್ಲ ತೆಗೆದುಹಾಕಿದರೆ ಬೆಲೆಬಾಳುವ ಕಲ್ಲೇ ಹೋಗುತ್ತದೆ. ಅದಕ್ಕೆ ಕುಶಲಕರ್ಮಿ ಮೊದಲು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಕಂದು ಬಣ್ಣ ಪೈನ್ ಮರದ ಕಾಂಡ ಆಗುತ್ತದೆ, ಬಿರುಕು ಬಂಡೆಯ ಸಂದು ಆಗುತ್ತದೆ. ಮ್ಯೂಸಿಯಂನಲ್ಲಿ ಇಂಥದ್ದು ಕಂಡರೆ ಸುಮ್ನೆ ಮುಂದೆ ಹೋಗಬೇಡಿ. ಮೊದಲು ಆ ಕಂದು ಭಾಗ ಎಲ್ಲಿದೆ ಅಂತ ಹುಡುಕಿ.